ಕೂತು ಆಡುವ ಆಟ, ಕೂಡಿ ನೋಡುವ ಪಾಠ

ಆಟವೆಂದರೆ ಓಟ ಎಂಬುದು ನಮ್ಮಲ್ಲಿ ಬಹುಮಂದಿಯ ನಂಬಿಕೆ. ಓಡಲಾರದವನಿಗೆ ಆಟವಿಲ್ಲ, ಅವನ ಪಾಲಿಗೆ ಉಳಿದದ್ದು ನೋಟ ಮಾತ್ರ ಎಂದು ನಾವು ಬಲು ಬೇಗ ತೀರ್ಮಾನಿಸಿಬಿಡುತ್ತೇವೆ. 'ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು' ಎಂಬ ಗಾದೆ ನಮ್ಮದು. ಕೂತವನೆಂದರೆ ಕೆಲಸವಿಲ್ಲದವನು ಎಂಬ ಅರ್ಥವೇ ಅದರಲ್ಲಿದೆ. ಆದರೆ ಕೂತಲ್ಲಿಂದಲೇ ಅಂಗಿ ತೊಯ್ಯುವಷ್ಟು ಬೆವರಿ, ಐವರು ಐವರ ಮೇಲೆ ಬಿದ್ದು ಆಡುವ ಆಟಗಳು ಜಗತ್ತಿನಲ್ಲಿ ಎಂಟು ದಶಕಗಳಿಂದ ನಡೆದು ಬಂದಿವೆ. ಅವುಗಳನ್ನು ನಮ್ಮ ಬೀದಿಯಲ್ಲಿ, ನಮ್ಮ ನೆರೆಹೊರೆಯವರೊಂದಿಗೆ ಕೂಡಿ ನೋಡಿದರೆ ಏನಾಗುತ್ತದೆ? ಈ ಬಾರಿ ಓದುಗರ ಮುಂದೆ ಇಡಬಯಸುವುದು ಆ ವಿಷಯವನ್ನೇ.

ಆದೋನಿ ಹತ್ತಿಯ ಊರು. ಹಿರಿಯರ ಬಾಯಲ್ಲಿ ಇಂದಿಗೂ ಅದು ಆದವಾನಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆ ಕಡೆಗೆ ಹೋದವು. ಗಡಿ ಸರಿದರೂ ಮಾತು ಸರಿಯಲಿಲ್ಲ. ಕೌತಾಳಂ, ಹೊಳಗುಂದ, ಮಂತ್ರಾಲಯದ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಕನ್ನಡ, ಸಂತೆಯ ಮಾತು ತೆಲುಗು, ಜೊತೆಗೆ ಒಂದಿಷ್ಟು ಉರ್ದು. ಜಿನ್ನಿಂಗ್ ಫ್ಯಾಕ್ಟರಿಗಳು, ಮಾರ್ಕೆಟ್ ಯಾರ್ಡು, ಅಂಡಿಗೆ ಹೊರುವ ಹಮಾಲರು, ಸಂಜೆಗೆ ಉಗ್ಗಾಣಿ ಮತ್ತು ಮೆಣಸಿನಕಾಯಿ ಬಜ್ಜಿಯ ಬಂಡಿಗಳು, ಲಾರಿ ಬಂದಾಗಲೆಲ್ಲ ನಿಂತು ಮತ್ತೆ ಶುರುವಾಗುವ ಹುಡುಗರ ಕ್ರಿಕೆಟ್ಟು. ಇಂಥ ಬೀದಿ ನಮ್ಮದು.

ಒಂದು ಭಾನುವಾರದ ಸಂಜೆ

2024ರ ಸೆಪ್ಟೆಂಬರ್‌ನಲ್ಲಿ, ದಶಲಕ್ಷಣ ಪರ್ವ ಮುಗಿದ ಮುಂದಿನ ಭಾನುವಾರ. ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ ನೆರೆಮನೆಗೆ ಹೋಗಿದ್ದೆವು. ಆ ಮನೆಯ ಮೊಮ್ಮಗ ಟಿ.ವಿ.ಯಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ಗಾಲಿಕುರ್ಚಿ ಬ್ಯಾಸ್ಕೆಟ್‌ಬಾಲ್ ಪಂದ್ಯವನ್ನು ಯೂಟ್ಯೂಬಿನಿಂದ ಹಚ್ಚಿದ್ದ. ಸೆಪ್ಟೆಂಬರ್ 7ರಂದು, ನಮ್ಮಲ್ಲಿ ಗಣೇಶ ಚೌತಿಯ ದಿನ, ಅಲ್ಲಿ ನಡೆದ ಗಂಡಸರ ಅಂತಿಮ ಪಂದ್ಯ ಅದು. ಅಮೆರಿಕ ಒಂದು ಕಡೆ, ಬ್ರಿಟನ್ ಇನ್ನೊಂದು ಕಡೆ.

ಮೊದಲ ಐದು ನಿಮಿಷ ಮನೆಯಲ್ಲಿ ಕೇಳಿಬಂದದ್ದು 'ಅಯ್ಯೋ ಪಾಪ' ಎಂಬ ಮಾತೊಂದೇ. ಅಜ್ಜಿ ಮೂಗಿನ ಮೇಲೆ ಬೆರಳಿಟ್ಟುಕೊಂಡು, "ಎಂಥಾ ಕಷ್ಟ ಕೊಟ್ಟಾನ ದೇವ್ರು, ಈ ಹುಡುಗ್ರಿಗೆ ಯಾಕ ಬೇಕಿತ್ತು ಈ ಒದ್ದಾಟ" ಎಂದರು. ಅಷ್ಟರಲ್ಲಿ ಎರಡು ಕುರ್ಚಿಗಳು ಢಿಕ್ಕಿ ಹೊಡೆದು ಒಬ್ಬ ಆಟಗಾರ ಕುರ್ಚಿ ಸಮೇತ ಮಗುಚಿ ಬಿದ್ದ. ಮನೆಯೊಳಗೆ ಎಲ್ಲರೂ ಹಾ ಎಂದರು. ಬಿದ್ದವನು ಅಂಗೈ ನೆಲಕ್ಕೆ ಊರಿ, ಸೊಂಟ ತಿರುವಿ, ಕುರ್ಚಿಯ ಸಮೇತ ತಾನೇ ಎದ್ದು ಚೆಂಡಿನ ಹಿಂದೆ ಹೊರಟುಹೋದ. ಆಮೇಲೆ 'ಪಾಪ' ಎಂಬ ಮಾತು ಮತ್ತೆ ಬರಲಿಲ್ಲ. ಮೂರನೆಯ ಭಾಗದ ಹೊತ್ತಿಗೆ ಅದೇ ಅಜ್ಜಿ, "ಅಲ್ಲಿ ಅಡ್ಡ ಬಂದಾನ ನೋಡು, ಬಿಡಬ್ಯಾಡ!" ಎಂದು ಕೂಗುತ್ತಿದ್ದರು. ಹಾಲು ಕೊಡಲು ಬಂದವನು ಕ್ಯಾನು ಕೆಳಗಿಟ್ಟು ಹೊಸ್ತಿಲಲ್ಲಿ ನಿಂತ. ಬೀದಿಯ ಕ್ರಿಕೆಟ್ಟು ನಿಂತು, ಹುಡುಗರೆಲ್ಲ ಒಳಗೆ ಬಂದು ನೆಲದ ಮೇಲೆ ಕೂತರು.

ಆಗ ಬಂದ ನಮ್ಮ ಬೀದಿಯ ಮೊಬೈಲ್ ರಿಪೇರಿಯ ತಮ್ಮ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎರಡೂ ಕಾಲು ಸೋತವನು. ಕೈಯಲ್ಲಿ ತಿರುಗಿಸುವ ಮೂರು ಗಾಲಿ ಸೈಕಲ್ಲಿನಲ್ಲಿ ಓಡಾಡುತ್ತಾನೆ. ಆ ಮನೆಗೆ ಕಡಪಾ ಕಲ್ಲಿನ ನಾಲ್ಕು ಮೆಟ್ಟಿಲು. ಅವನು ಸೈಕಲ್ಲನ್ನು ಕಿಟಕಿಯ ಬಳಿ ನಿಲ್ಲಿಸಿಕೊಂಡ. "ಟಿ.ವಿ. ಆ ಕಡೆ ತಿರುಗಿಸ್ರೋ, ತಮ್ಮಗ ಕಾಣ್ಲಿ" ಎಂದರು ಅಜ್ಜಿ. ಹುಡುಗರು ತಿರುಗಿಸಿದರು. ಆಟದ ನಿಯಮ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವನೊಬ್ಬನನ್ನು ಬಿಟ್ಟು. ಕಿಟಕಿಯ ಸರಳು ಹಿಡಿದುಕೊಂಡು ಒಂದೊಂದಾಗಿ ಬಿಡಿಸಿ ಹೇಳಿದ. "ಅಣ್ಣಾ, ಅದು ಫೌಲಾ?" "ಅಣ್ಣಾ, ಎರಡು ಸಲ ಯಾಕೆ ತಳ್ಳಿದ?" ಎಂದು ಹುಡುಗರು ಟಿ.ವಿ. ಬಿಟ್ಟು ಕಿಟಕಿಯ ಕಡೆ ನೋಡತೊಡಗಿದರು. ಪಂದ್ಯ 73-69ಕ್ಕೆ ಮುಗಿಯಿತು, ಗೆದ್ದದ್ದು ಅಮೆರಿಕ. ರಿಯೋ, ಟೋಕಿಯೋ, ಪ್ಯಾರಿಸ್, ಹೀಗೆ ಸಾಲಾಗಿ ಮೂರನೆಯ ಚಿನ್ನ ಅವರಿಗೆ.

ಒಳಗಿದ್ದವರಿಗೆ ಆಟ ಎದುರಿಗೇ ಇತ್ತು. ಆಟ ಬಲ್ಲವನಿಗೆ ಮಾತ್ರ ಅದು ಕಿಟಕಿಯ ಸರಳುಗಳ ನಡುವೆ ಕಂಡಿತು. ಈ ಲೇಖನ ಬರೆಯಲು ಕಾರಣವಾದದ್ದು ಇದೇ.

ಹದಿನಾಲ್ಕರ ಲೆಕ್ಕ

ಆಟದ ಅಂಗಳ ಎಲ್ಲರ ಬ್ಯಾಸ್ಕೆಟ್‌ಬಾಲಿನದೇ: 28 ಮೀಟರ್ ಉದ್ದ, 15 ಮೀಟರ್ ಅಗಲ. ಬುಟ್ಟಿಯ ಎತ್ತರವೂ ಅದೇ, 3.05 ಮೀಟರ್, ಅಂದರೆ 10 ಅಡಿ. ಕೂತು ಆಡುವವರೆಂದು ಒಂದು ಗೇಣೂ ಇಳಿಸಿಲ್ಲ. ಹತ್ತು ಹತ್ತು ನಿಮಿಷದ ನಾಲ್ಕು ಭಾಗ. ಚೆಂಡು ಮಡಿಲಲ್ಲಿದ್ದಾಗ ಗಾಲಿಯನ್ನು ಎರಡು ಸಲ ತಳ್ಳಬಹುದು, ಅಷ್ಟರೊಳಗೆ ಚೆಂಡನ್ನು ನೆಲಕ್ಕೆ ಪುಟಿಸಬೇಕು, ಇಲ್ಲವೇ ಜೊತೆಗಾರನಿಗೆ ಕೊಡಬೇಕು, ಇಲ್ಲವೇ ಬುಟ್ಟಿಗೆ ಎಸೆಯಬೇಕು. ಕುರ್ಚಿಯನ್ನು ಆಟಗಾರನ ಮೈಯ ಭಾಗವೆಂದೇ ಎಣಿಸುತ್ತಾರೆ. ಆದ್ದರಿಂದ ಕುರ್ಚಿಯಿಂದ ತಪ್ಪು ರೀತಿಯಲ್ಲಿ ಗುದ್ದಿದರೆ ಮೈಯಿಂದ ಗುದ್ದಿದಂತೆಯೇ ಫೌಲ್. ಕೂತ ಜಾಗದಿಂದ ಮೇಲೆದ್ದು ಲಾಭ ಪಡೆಯುವುದೂ ತಪ್ಪೇ.

ಕುರ್ಚಿಯೂ ಆಸ್ಪತ್ರೆಯ ಕುರ್ಚಿಯಲ್ಲ. ಗಾಲಿಗಳು ಮೇಲ್ಭಾಗದಲ್ಲಿ ಒಳಕ್ಕೆ, ಕೆಳಭಾಗದಲ್ಲಿ ಹೊರಕ್ಕೆ ಓರೆಯಾಗಿರುತ್ತವೆ. ಹಾಗಿದ್ದರೇ ನಿಂತಲ್ಲಿ ಗಿರ್ರನೆ ತಿರುಗಲು ಸಾಧ್ಯ, ಪಕ್ಕಕ್ಕೆ ಬೀಳುವ ಭಯವೂ ಕಡಿಮೆ. ಹಿಂದಕ್ಕೆ ಮಗುಚದಂತೆ ಹಿಂಬದಿಗೆ ಪುಟ್ಟ ಗಾಲಿ. ಬ್ರೇಕು ಇಲ್ಲ, ಅಂಗೈಯೇ ಬ್ರೇಕು. ಸೊಂಟಕ್ಕೆ, ಕಾಲಿಗೆ ಪಟ್ಟಿ ಬಿಗಿದಿರುತ್ತದೆ.

ಇನ್ನು ಈ ಆಟದ ಮರ್ಮ. ಪ್ರತಿ ಆಟಗಾರನಿಗೂ ಅವನ ಮೈಯ ಹಿಡಿತವನ್ನು ನೋಡಿ 1.0ರಿಂದ 4.5ರವರೆಗೆ ಅಂಕ ಕೊಡುತ್ತಾರೆ. ಎದೆಯಿಂದ ಕೆಳಗೆ ಹಿಡಿತವಿಲ್ಲದವನಿಗೆ 1. ಕಾಲಿನ ಅಲ್ಪ ತೊಂದರೆ ಮಾತ್ರವಿದ್ದವನಿಗೆ 4.5. ಅಂಗಳದಲ್ಲಿರುವ ಐವರ ಅಂಕ ಕೂಡಿದರೆ 14ನ್ನು ಮೀರಬಾರದು. ಲೆಕ್ಕ ಹಾಕಿ ನೋಡಿ: ಗಟ್ಟಿಗರನ್ನೇ ಆರಿಸಿಕೊಂಡರೆ ಮೂವರಿಗೇ 13.5 ಆಗಿಬಿಡುತ್ತದೆ, ಉಳಿದಿಬ್ಬರಿಗೆ ಜಾಗವೇ ಇಲ್ಲ. ಆದ್ದರಿಂದ ಯಾವ ತಂಡವೂ ಹೆಚ್ಚು ತೊಂದರೆಯಿರುವವನನ್ನು ಬಿಟ್ಟು ಆಡಲಾರದು. ಇದು ಕನಿಕರದಿಂದ ಕೊಟ್ಟ ಜಾಗವಲ್ಲ, ಅವನಿಲ್ಲದೆ ತಂಡವೇ ಕೂಡದು.

ಹಾಗೆ ಬಂದ 1 ಅಂಕದ ಆಟಗಾರ ಏನು ಮಾಡುತ್ತಾನೆ? ಬುಟ್ಟಿಗೆ ಹಾಕುವುದು ಕಡಿಮೆ. ತನ್ನ ಕುರ್ಚಿಯನ್ನು ಎದುರಾಳಿಯ ದಾರಿಗೆ ಅಡ್ಡ ಇಟ್ಟು ನಿಲ್ಲುತ್ತಾನೆ. ಆ ಅಡ್ಡದಿಂದ ತೆರೆದ ದಾರಿಯಲ್ಲಿ ಎತ್ತರದ ಆಳು ಬುಟ್ಟಿಯ ಬಳಿ ಹೋಗಿ ಅಂಕ ಗಳಿಸುತ್ತಾನೆ. ಚಪ್ಪಾಳೆ ಬೀಳುವುದು ಹಾಕಿದವನಿಗೆ. ಆದರೆ ಆಟ ಬಲ್ಲವರು ನೋಡುವುದು ಅಡ್ಡ ನಿಂತವನನ್ನು. ಮನೆಗೊಬ್ಬ ದುಡಿಯುವವನ ಹಿಂದೆ ಒಲೆಯ ಮುಂದೆ ನಿಂತವರು ಎಷ್ಟು ಜನ ಎಂಬುದನ್ನು ಬಲ್ಲ ಗೃಹಿಣಿಯರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೂ ಹೆಚ್ಚಿನ ತೊಂದರೆಯಿರುವವರಿಗೂ ಒಂದು ಆಟವಿದೆ, ಗಾಲಿಕುರ್ಚಿ ರಗ್ಬಿ. ಕೈ ಕಾಲು ನಾಲ್ಕರಲ್ಲೂ ಬಲ ಕುಂದಿದವರು ಆಡುವಂಥದ್ದು, ಕೆನಡಾದ ವಿನಿಪೆಗ್ ನಗರದಲ್ಲಿ 1970ರ ದಶಕದಲ್ಲಿ ಹುಟ್ಟಿದ್ದು. ನಾಲ್ವರ ತಂಡ, ಕೂಡಿದ ಅಂಕ 8, ಗಂಡಸರೂ ಹೆಂಗಸರೂ ಒಂದೇ ತಂಡದಲ್ಲಿ. ಪ್ಯಾರಿಸ್‌ನಲ್ಲಿ ಅದರ ಚಿನ್ನ ಜಪಾನಿಗೆ ಹೋಯಿತು.

ಹಾಸಿಗೆಯಿಂದ ಅಂಗಳಕ್ಕೆ

ಇದೆಲ್ಲ ಶುರುವಾದದ್ದು ಎರಡನೆಯ ಮಹಾಯುದ್ಧದ ಗಾಯಾಳುಗಳಿಂದ. ಬೆನ್ನುಹುರಿಗೆ ಪೆಟ್ಟು ಬಿದ್ದವರು ಆ ಕಾಲದಲ್ಲಿ ಬಹುಕಾಲ ಬದುಕುತ್ತಿರಲಿಲ್ಲ. ಮಲಗಿದಲ್ಲೇ ಆಗುವ ಹುಣ್ಣು, ಮೂತ್ರದ ಸೋಂಕು, ಇವೇ ಪ್ರಾಣ ತೆಗೆಯುತ್ತಿದ್ದವು. ಜರ್ಮನಿಯಿಂದ 1939ರಲ್ಲಿ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದ ವೈದ್ಯ ಲುಡ್ವಿಗ್ ಗುಟ್‌ಮನ್, 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಇಂಥವರಿಗಾಗಿ ವಿಭಾಗ ತೆರೆದರು. ರೋಗಿಯನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಅವರ ಮೊದಲ ಔಷಧ. ಇದು ಇಂದಿಗೂ ಮನೆಯಲ್ಲಿ ಆರೈಕೆ ಮಾಡುವವರು ಮರೆಯಬಾರದ ಮಾತು. ಎರಡನೆಯ ಔಷಧ ಆಟ.

1948ರ ಜುಲೈ 29ರಂದು ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ ಅವರು ತಮ್ಮ ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ ಬಿಲ್ಲುಗಾರಿಕೆಯ ಸ್ಪರ್ಧೆ ಇಟ್ಟರು. ಬಂದವರು 16 ಮಂದಿ, ಅವರಲ್ಲಿ ಇಬ್ಬರು ಹೆಂಗಸರು. ಅತ್ತ ಅಮೆರಿಕದಲ್ಲಿ ಯುದ್ಧದಿಂದ ಮರಳಿದ ಸೈನಿಕರು 1946ರ ಹೊತ್ತಿಗೇ ಕುರ್ಚಿಯಲ್ಲಿ ಕೂತು ಬ್ಯಾಸ್ಕೆಟ್‌ಬಾಲ್ ಆಡತೊಡಗಿದ್ದರು. 1960ರಲ್ಲಿ ರೋಮ್ ನಗರದಲ್ಲಿ ಸುಮಾರು 400 ಆಟಗಾರರು ಸೇರಿದರು, ಅದನ್ನೇ ಮೊದಲ ಪ್ಯಾರಾಲಿಂಪಿಕ್ಸ್ ಎಂದು ಎಣಿಸುತ್ತಾರೆ. ಗಾಲಿಕುರ್ಚಿ ಬ್ಯಾಸ್ಕೆಟ್‌ಬಾಲ್ ಅಂದಿನಿಂದಲೂ ಅದರಲ್ಲಿದೆ.

ನಮ್ಮವರ ಪಾಲು

ನಮ್ಮ ದೇಶಕ್ಕೆ ಮೊದಲ ಪ್ಯಾರಾಲಿಂಪಿಕ್ಸ್ ಚಿನ್ನ ತಂದವರು ಮುರಳೀಕಾಂತ ಪೇಟ್ಕರ್. 1965ರ ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕ. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಈಜಿ ಗೆದ್ದರು. ಕನ್ನಡ ನಾಡಿನಲ್ಲಿ ಗಾಲಿಕುರ್ಚಿಯ ಕ್ರೀಡೆ ಎಂದೊಡನೆ ನೆನಪಾಗುವವರು ಬೆಂಗಳೂರಿನ ಮಾಲತಿ ಹೊಳ್ಳ. ವರ್ಷದ ಕೂಸಾಗಿದ್ದಾಗ ಬಂದ ಜ್ವರದಿಂದ ಮೈ ಸೋತರೂ, ಮುಂದೆ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ಪಡೆದರು. ಊರೂರಿನ ಅಂಗವಿಕಲ ಮಕ್ಕಳಿಗಾಗಿ ಮಾತೃ ಪ್ರತಿಷ್ಠಾನ ನಡೆಸಿದರು. ಅದಕ್ಕೂ ಮುಂಚೆ, 1959ರಲ್ಲೇ, ಗಾಲಿಕುರ್ಚಿಯಲ್ಲಿ ಕೂತೇ ಎನ್.ಎಸ್. ಹೇಮಾ ಅವರು ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆ ಕಟ್ಟಿದ್ದರು.

ತಂಡದ ಆಟದ ಕಥೆ ಇನ್ನೂ ಈಚಿನದು. ಖಮ್ಮಂ ಕಡೆಯ ಸತ್ತುಪಲ್ಲಿಯ ಮಾಧವಿಲತಾ ಪ್ರತಿಗುಡುಪು ಶಿಶುವಾಗಿದ್ದಾಗಲೇ ಪೋಲಿಯೋಗೆ ತುತ್ತಾದವರು. ಚೆನ್ನೈಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಗ ಆರೋಗ್ಯಕ್ಕೆಂದು ನೀರಿಗಿಳಿದು ಈಜುಗಾತಿಯಾದರು. ಭಾರತದ ಗಾಲಿಕುರ್ಚಿ ಬ್ಯಾಸ್ಕೆಟ್‌ಬಾಲ್ ಒಕ್ಕೂಟ 2014ರಲ್ಲಿ ಹುಟ್ಟಿದ್ದು ಅವರ ಮುಂದಾಳ್ತನದಲ್ಲಿ. ಅಂದಿನಿಂದ ರಾಜ್ಯಗಳ ತಂಡಗಳು ರಾಷ್ಟ್ರೀಯ ಪಂದ್ಯಗಳಲ್ಲಿ ಆಡುತ್ತಿವೆ, ಹೆಣ್ಣುಮಕ್ಕಳ ತಂಡಗಳೂ ಇವೆ.

ಪ್ಯಾರಿಸ್‌ನಿಂದ ನಮ್ಮವರು 7 ಚಿನ್ನ ಸೇರಿ 29 ಪದಕ ತಂದರು. ಹೆಮ್ಮೆಯ ಮಾತು. ಆದರೆ ಗಾಲಿಕುರ್ಚಿ ಬ್ಯಾಸ್ಕೆಟ್‌ಬಾಲಿನಲ್ಲಾಗಲಿ ರಗ್ಬಿಯಲ್ಲಾಗಲಿ ಅವುಗಳಲ್ಲಿ ಒಂದೂ ಇಲ್ಲ. ಏಕೆ? ಈಟಿ ಎಸೆಯುವವನಿಗೆ ಈಟಿ, ಬಯಲು, ಒಬ್ಬ ಗುರು ಇದ್ದರೆ ಹೇಗೋ ನಡೆಯುತ್ತದೆ. ತಂಡದ ಆಟ ಹಾಗಲ್ಲ. ಹತ್ತು ಜನ ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಬರಬೇಕು. ಹತ್ತು ಕುರ್ಚಿ ಬೇಕು, ಆಮದಾದ ಒಳ್ಳೆಯ ಆಟದ ಕುರ್ಚಿಯ ಬೆಲೆಯೋ ಲಕ್ಷದ ಮಾತು. ನುಣುಪಾದ ನೆಲ ಬೇಕು. ಹತ್ತಲು ಬರುವ ಬಸ್ಸು ಬೇಕು. ಕುರ್ಚಿ ಒಳಗೆ ಹೋಗುವ ಬಾಗಿಲಿನ ಶೌಚಾಲಯ ಬೇಕು. ಒಂಟಿ ಸಾಧಕನನ್ನು ಅವನ ಛಲ ಬೆಳೆಸಬಹುದು. ತಂಡವನ್ನು ಬೆಳೆಸಬೇಕಾದದ್ದು ಊರು.

ಕಡಪಾ ಕಲ್ಲಿನ ನಾಲ್ಕು ಮೆಟ್ಟಿಲು

ನಮ್ಮ ಊರಿಗೆ ಬರೋಣ. ಪಶ್ಚಿಮ ಕರ್ನೂಲಿನಲ್ಲಿ ಮೂವತ್ತು ದಾಟಿದ ಪೋಲಿಯೋಪೀಡಿತರು ಇದ್ದಾರೆ. ಮಕ್ಕಳಲ್ಲಿ ಈಗ ಆ ರೋಗವಿಲ್ಲ. 1995ರಲ್ಲಿ ಶುರುವಾದ ಪಲ್ಸ್ ಪೋಲಿಯೋದ ಎರಡು ಹನಿಗಳ ಪುಣ್ಯದಿಂದ, 2011ರ ಜನವರಿಯ ನಂತರ ದೇಶದಲ್ಲಿ ಹೊಸ ಪ್ರಕರಣ ಬರಲಿಲ್ಲ, 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತವೆಂದು ಸಾರಲಾಯಿತು. ಆದರೆ ಗಾಲಿಕುರ್ಚಿ ಬೇಕಾದವರು ಇಲ್ಲವಾಗಲಿಲ್ಲ. ಮಳೆ ಕೈಕೊಟ್ಟ ವರ್ಷ ಕೌತಾಳಂ, ಕೋಸಿಗಿ ಕಡೆಯವರು ಮನೆಗೆ ಬೀಗ ಹಾಕಿ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ, ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಹೋಗುತ್ತಾರೆ. ಸಾರುವೆಯಿಂದ ಬಿದ್ದರೆ, ಬೈಕು ಉರುಳಿದರೆ, ಬೆನ್ನುಹುರಿ ಒಂದು ಕ್ಷಣದಲ್ಲಿ ಕೈಕೊಡುತ್ತದೆ. ಇದು ಯಾರ ಮನೆಗೂ ಹೊರತಲ್ಲ. ಮುಪ್ಪು ಬಂದಾಗ ಮೊಣಕಾಲು ಹಿಡಿದ ನಮ್ಮ ತಾಯಂದಿರೇ ಮೆಟ್ಟಿಲು ನೋಡಿ ಬಸದಿಗೆ ಹೋಗುವುದನ್ನು ಬಿಡುತ್ತಿಲ್ಲವೇ?

ದಾನದಲ್ಲಿ ನಮ್ಮ ಸಮಾಜ ಹಿಂದೆ ಬಿದ್ದಿಲ್ಲ. ಭಗವಾನ್ ಮಹಾವೀರರ 2500ನೆಯ ನಿರ್ವಾಣೋತ್ಸವದ ಹೊತ್ತಿನಲ್ಲಿ, 1975ರಲ್ಲಿ, ಡಿ.ಆರ್. ಮೆಹತಾ ಅವರು ಜೈಪುರದಲ್ಲಿ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯನ್ನು ಸ್ಥಾಪಿಸಿದರು. ಅವರೂ ಅಪಘಾತದಲ್ಲಿ ಕಾಲು ಕಳೆದುಕೊಳ್ಳುವುದರಿಂದ ಸ್ವಲ್ಪದರಲ್ಲಿ ಪಾರಾದವರೇ. ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾ. ಪಿ.ಕೆ. ಸೇಠಿ ರೂಪಿಸಿದ ಜೈಪುರ ಕಾಲನ್ನು ಆ ಸಂಸ್ಥೆ ಬಡವರಿಗೆ ಉಚಿತವಾಗಿ ತೊಡಿಸುತ್ತ ಬಂದಿದೆ. ಊರೂರುಗಳ ಶಿಬಿರಗಳಲ್ಲಿ ನಮ್ಮವರು ಮೂರು ಗಾಲಿ ಸೈಕಲ್ಲು, ಗಾಲಿಕುರ್ಚಿ ಹಂಚುವುದನ್ನು ಓದುಗರು ಕಂಡೇ ಇದ್ದೀರಿ.

ಆದರೆ ಶಿಬಿರದ ಮರುದಿನದ ಮಾತು ಬೇರೆ. ಹಂಚುವ ಕುರ್ಚಿ ಸಾಮಾನ್ಯವಾಗಿ ಎಲ್ಲರಿಗೂ ಒಂದೇ ಅಳತೆ. ಮನೆಯ ಬಾಗಿಲು ಕಿರಿದು, ಮುಂದೆ ಮೆಟ್ಟಿಲು, ಬೀದಿಯಲ್ಲಿ ಮುಚ್ಚದ ಚರಂಡಿ. ಫೋಟೋದಲ್ಲಿ ಹೊಳೆಯುವ ಕುರ್ಚಿ ಆರು ತಿಂಗಳಲ್ಲಿ ಪಡಸಾಲೆಯ ಮೂಲೆಯಲ್ಲಿ ಬಟ್ಟೆ ಒಣಗಿಸುವ ಗೂಟವಾಗುತ್ತದೆ. ಕೊಟ್ಟವರ ಮನಸ್ಸಿನಲ್ಲಿ ಕೊರತೆಯಿಲ್ಲ. ಕುರ್ಚಿಗೆ ದಾರಿಯೂ ಬೇಕೆಂಬುದು ಲೆಕ್ಕದಿಂದ ಬಿಟ್ಟುಹೋಯಿತು, ಅಷ್ಟೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಯನ್ನು ಗುರುತಿಸಿ, ಸಾರ್ವಜನಿಕ ಕಟ್ಟಡಕ್ಕೆ ಪ್ರವೇಶವನ್ನೂ ಕ್ರೀಡೆಯಲ್ಲಿ ಪಾಲನ್ನೂ ಹಕ್ಕೆಂದು ಹೇಳಿದೆ. ಸರಕಾರದ ಕೆಲಸ ಸರಕಾರ ಮಾಡಲಿ. ನಮ್ಮ ಹೊಸ್ತಿಲು ನಮ್ಮ ಕೈಯಲ್ಲೇ ಇದೆ.

ಮನೆಯಿಂದ ಆಗಬಹುದಾದದ್ದು

ಮೊದಲನೆಯದು ಇಳಿಜಾರು. 1 ಅಡಿ ಎತ್ತರಕ್ಕೆ 12 ಅಡಿ ಉದ್ದ, ಇದು ಎಲ್ಲೆಡೆ ಒಪ್ಪಿದ ಲೆಕ್ಕ. ಇದಕ್ಕಿಂತ ಕಡಿದಾದರೆ ಕೂತವನು ತಾನೇ ಏರಲಾರ, ಇಳಿಯುವಾಗ ಅಪಾಯ. ಬೀದಿಗೆ ಅಷ್ಟು ಚಾಚಲು ಜಾಗವಿಲ್ಲದಿದ್ದರೆ ಗೋಡೆಯ ಗುಂಟ ತಿರುಗಿಸಿ ಕಟ್ಟಬಹುದು. ಮೇಲೆ ನುಣುಪು ಕಲ್ಲು ಬೇಡ, ಒರಟು ಸಿಮೆಂಟು ಇರಲಿ. ಹೊಸ ಮನೆ ಕಟ್ಟುವವರು ಬಾಗಿಲಿಗೆ 3 ಅಡಿ ಅಗಲ ಇಟ್ಟರೆ ಮುಂದೆ ತಮ್ಮ ಮುಪ್ಪಿಗೂ ಅನುಕೂಲ. ಬಸದಿ, ಕಲ್ಯಾಣ ಮಂಟಪ, ಪಾಠಶಾಲೆಗಳ ಸಮಿತಿಯವರು ಜೀರ್ಣೋದ್ಧಾರದ ಪಟ್ಟಿಯಲ್ಲಿ ಇದನ್ನೊಂದು ಸಾಲು ಸೇರಿಸಲಿ.

ಎರಡನೆಯದು, ಕುರ್ಚಿ ದಾನ ಮಾಡುವವರು ಕೊಡುವ ಮುಂಚೆ ಪಡೆಯುವವನ ಸೊಂಟದ ಅಗಲ, ಅವನ ಮನೆಯ ಬಾಗಿಲಿನ ಅಗಲ ಅಳೆಯಲಿ. ಏನು ಬೇಕೆಂದು ಅವನನ್ನೇ ಕೇಳಲಿ. ಟೈರು, ಬೇರಿಂಗು ಸವೆದಾಗ ರಿಪೇರಿಗೆ ಒಂದು ಪುಟ್ಟ ನಿಧಿ ಇಡಲಿ. ನೂರು ಕುರ್ಚಿ ಹಂಚುವ ಕಡೆ ಎಂಬತ್ತು ಹಂಚಿ, ಉಳಿದ ಹಣದಲ್ಲಿ ಹತ್ತು ಆಟದ ಕುರ್ಚಿ ಕೊಂಡು ಒಂದು ಕಾಲೇಜಿನ ಅಂಗಳದಲ್ಲಿ ಇಡುವ ಯೋಚನೆಯೂ ಬರಲಿ.

ಮೂರನೆಯದು ಮಕ್ಕಳಿಂದ ಆಗಬೇಕಾದದ್ದು. ಹೆಸರಿನ ಮುಂದೆ 'ಕುಂಟ' ಎಂದು ಸೇರಿಸಿ ಕರೆಯುವ ರೂಢಿ ನಮ್ಮ ಬೀದಿಗಳಲ್ಲಿ ಇನ್ನೂ ಇದೆ, ಅದನ್ನು ಮನೆಯಲ್ಲೇ ನಿಲ್ಲಿಸಬೇಕು. ಆ ಪಂದ್ಯ ನೋಡಿದ ಮುಂದಿನ ವಾರ ನಮ್ಮ ಬೀದಿಯ ಹುಡುಗರು ತಮ್ಮ ಕ್ರಿಕೆಟ್ಟಿಗೆ ಒಂದು ಕಾನೂನು ಸೇರಿಸಿಕೊಂಡರು: ಮೊಬೈಲ್ ಅಂಗಡಿಯ ಅಣ್ಣ ಯಾವ ತಂಡದಲ್ಲಿರುತ್ತಾನೋ ಆ ತಂಡಕ್ಕೆ ಒಬ್ಬ ಆಟಗಾರ ಹೆಚ್ಚು. ಅವನು ಸೈಕಲ್ಲಿನಿಂದಲೇ ಬೌಲಿಂಗ್ ಮಾಡುತ್ತಾನೆ, ತೋಳಿನಲ್ಲಿ ಬಲವಿರುವುದರಿಂದ ವಿಕೆಟ್ಟೂ ಬೀಳುತ್ತದೆ. ಈಗ ಅವನನ್ನು ತಮ್ಮ ಕಡೆ ಹಾಕಿಕೊಳ್ಳಲು ಎರಡೂ ತಂಡಗಳು ಜಗಳ ಮಾಡುತ್ತವೆ. ಯಾರೂ ಹೇಳಿಕೊಟ್ಟದ್ದಲ್ಲ, ಹದಿನಾಲ್ಕರ ಲೆಕ್ಕವನ್ನು ಮಕ್ಕಳು ತಾವೇ ತಮ್ಮ ಅಳತೆಗೆ ಹೊಲಿದುಕೊಂಡರು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಮ್ಮ ಹಿರಿಯರು ದಾನವನ್ನು ನಾಲ್ಕಾಗಿ ಹೇಳಿದರು. ಬೀಳುವೆನೆಂಬ, ನಗೆಪಾಟಲಾಗುವೆನೆಂಬ, ಹೊರೆಯಾಗುವೆನೆಂಬ ಅಂಜಿಕೆಯನ್ನು ಒಬ್ಬನ ಮನಸ್ಸಿನಿಂದ ತೆಗೆಯುವುದೂ ಅಭಯವೇ ಅಲ್ಲವೇ? ಅದಕ್ಕೆ ಖರ್ಚು ಹೆಚ್ಚಿಲ್ಲ. ಮುಂದಿನ ಸಲ ಇಂಥ ಪಂದ್ಯ ಟಿ.ವಿ.ಯಲ್ಲಿ ಬಂದಾಗ ಮನೆಮಂದಿಯೆಲ್ಲ ಕೂತು ನೋಡಿ. ನಿಮ್ಮ ಬೀದಿಯಲ್ಲಿ ಗಾಲಿಯ ಮೇಲೆ ಓಡಾಡುವವರಿದ್ದರೆ ಅವರನ್ನೂ ಕರೆಯಿರಿ. ಕರೆಯುವ ಮುಂಚೆ ಒಮ್ಮೆ ನಿಮ್ಮ ಮೆಟ್ಟಿಲು ಎಣಿಸಿ ನೋಡಿ.